ಕ್ರಂಚಿರೋಲ್‌ಗೆ ದುಡ್ಡು ಕೊಡಬಹುದಾ? ಕೊಡಿ, ಜೊತೆಗೆ ಕನ್ನಡ ಬೇಕು ಅಂತಾನೂ ಕೇಳಿ

ಅನಿಮೆ, ಅಂದ್ರೆ ಜಪಾನಿನ ಕಾರ್ಟೂನ್ ಸೀರೀಸು ಸಿನಿಮಾ, ನೋಡೋ ಹುಡುಗರ ಮಧ್ಯೆ ಈ ಪ್ರಶ್ನೆ ಬರ್ತಾನೇ ಇರತ್ತೆ, ಟೆಲಿಗ್ರಾಂನಲ್ಲಿ ಫ್ರೀಯಾಗಿ ಸಿಗೋವಾಗ ಕ್ರಂಚಿರೋಲ್ ಅನ್ನೋ ಅನಿಮೆ ಸ್ಟ್ರೀಮಿಂಗ್ ಆಪ್‌ಗೆ ಯಾಕೆ ದುಡ್ಡು ಹಾಕ್ಬೇಕು ಅಂತ. ನನ್ನ ಉತ್ತರ ಮೊದ್ಲೇ ಹೇಳ್ಬಿಡ್ತೀನಿ, ಹಾಕಿ. 2022ರಲ್ಲಿ ಇಂಡಿಯಾಗೆ ಅಂತಾನೇ ರೇಟ್ ಇಳಿಸಿ ತಿಂಗಳಿಗೆ 79 ರೂಪಾಯಿ ಮಾಡಿದ್ರು, ಬೆಂಗಳೂರಲ್ಲಿ ಒಂದು ಮಸಾಲೆ ದೋಸೆ ದುಡ್ಡು ಅಷ್ಟೇ. ಈಗಿನ ರೇಟ್ ಎಷ್ಟಿದೆ ಅಂತ ಆಪ್‌ನಲ್ಲಿ ನೋಡ್ಕೊಂಡು ತಗೊಳ್ಳಿ.

ನಂಗೆ ತುಂಬಾ ಇಷ್ಟ ಆಗಿರೋದು ಟೈಮಿಂಗು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ ಇದೆ, ಅಲ್ಲಿ ಒಳ್ಳೊಳ್ಳೆ ಅನಿಮೆ ಎಲ್ಲ ಟೀವೀಲಿ ಬರೋದೇ ರಾತ್ರಿ ಹನ್ನೊಂದು ಹನ್ನೊಂದೂವರೆ ಮೇಲೆ, ಅದ್ರಲ್ಲಿ ಎಷ್ಟೋ ಶೋಗಳು ಒಂದು ಗಂಟೆ ಒಳಗೆ ಇಂಗ್ಲಿಷ್ ಸಬ್ (ಸಬ್‌ಟೈಟಲ್) ಸಮೇತ ಇಲ್ಲಿ ಬಂದ್ಬಿಡತ್ತೆ, ಅಂದ್ರೆ ನಮಗೆ ರಾತ್ರಿ ಒಂಬತ್ತು ಗಂಟೆ, ಊಟ ಮುಗಿಸಿ ಕೂರೋ ಹೊತ್ತು. ಅಮೆರಿಕದೋರಿಗೆ ಅದೇ ಎಪಿಸೋಡ್ ಬೆಳಿಗ್ಗೆ ಬರತ್ತೆ. ಕಥೆ ಮೊದ್ಲೇ ಯಾರೋ ಹೇಳ್ಬಿಡೋ ಸ್ಪಾಯ್ಲರ್ ಭಯಾನೇ ಇಲ್ಲ.

ಈ ಸರ್ವಿಸ್ ಸುಮ್ನೆ ಬಂದಿದ್ದಲ್ಲ. 80ರ ದಶಕದಲ್ಲಿ ಅಮೆರಿಕದ ಫ್ಯಾನ್ಸ್ ವಿಎಚ್‌ಎಸ್ ಟೇಪ್ ಇಟ್ಕೊಂಡು ತಾವೇ ಸಬ್‌ಟೈಟಲ್ ಹಾಕ್ತಿದ್ರು, ಖಾಲಿ ಟೇಪು, ವಾಪಸ್ ಕಳಿಸೋ ಪೋಸ್ಟೇಜು ಕಳಿಸಿದ್ರೆ ಕಾಪಿ ಮಾಡಿ ಕೊಡ್ತಿದ್ರು, ಪರದೆ ಮೇಲೆ 'ಇದು ಮಾರಾಟಕ್ಕಲ್ಲ' ಅಂತ ಬರೆದಿರ್ತಿತ್ತು. ಯಾವ್ದಾದ್ರೂ ಕಂಪನಿ ಲೈಸೆನ್ಸ್ ತಗೊಂಡ್ರೆ ಹಂಚೋದು ನಿಲ್ಲಿಸ್ಬೇಕು ಅನ್ನೋ ನಿಯಮಾನೂ ಅವರೇ ಮಾಡ್ಕೊಂಡಿದ್ರು. ಕ್ರಂಚಿರೋಲ್ ಹುಟ್ಟಿದ್ದು ಇದೇ ಲೋಕದಲ್ಲಿ, 2006ರಲ್ಲಿ ಅಮೆರಿಕದ ಬರ್ಕ್ಲಿ ಯೂನಿವರ್ಸಿಟೀಲಿ ಓದಿದ ಹುಡುಗರು ಶುರು ಮಾಡಿದ ಸೈಟು, ಅದ್ರಲ್ಲಿ ಇದ್ದಿದ್ದು ಫ್ಯಾನ್ಸೇ ಅಪ್‌ಲೋಡ್ ಮಾಡಿದ, ಫ್ಯಾನ್ಸೇ ಸಬ್ ಮಾಡಿದ ವಿಡಿಯೋಗಳು, ಲೈಸೆನ್ಸ್ ಇರ್ಲಿಲ್ಲ. 2009ರಲ್ಲಿ ಜಪಾನಿನ ಟೀವಿ ಟೋಕಿಯೋ ಚಾನೆಲ್ ಜೊತೆ ಡೀಲ್ ಆಗಿ ನರುಟೊ ಶಿಪ್ಪುಡೆನ್ ಅನ್ನೋ ಶೋ ಬಂದಾಗ ಲೈಸೆನ್ಸ್ ಇಲ್ದಿರೋದನ್ನೆಲ್ಲ ತೆಗೆದ್ರು, 2021ರಲ್ಲಿ ಸೋನಿಯ ಅನಿಮೆ ಕಂಪನಿ ಫನಿಮೇಷನ್ 117.5 ಕೋಟಿ ಡಾಲರ್ ಕೊಟ್ಟು ಕೊಂಡ್ಕೊಳ್ತು. ಫ್ಯಾನ್ಸ್ ಬಿಟ್ಟಿ ದುಡಿದು ಕಟ್ಟಿದ ಮಾರ್ಕೆಟ್ ಇದು. ಹಾಗಾಗಿ ಇದನ್ನ ಅಳೆಯೋವಾಗ ಫ್ಯಾನ್ಸ್‌ಗೆ ಏನು ವಾಪಸ್ ಕೊಟ್ಟಿದ್ದಾರೆ ಅಂತ ಕೇಳೋದು ನ್ಯಾಯ.

ಅಲ್ಲೇ ನಂಗೆ ಬೇಜಾರು. 2024ರ ಜುಲೈನಲ್ಲಿ ಎಪಿಸೋಡ್ ಕೆಳಗಿದ್ದ ಕಾಮೆಂಟ್ಸ್ ಎಲ್ಲ ತೆಗೆದ್ಹಾಕಿದ್ರು, ವರ್ಷಗಟ್ಲೆ ಜನ ಬರೆದಿದ್ದು, ಹಾಡಿನ ಹೆಸರು, ಮಂಗಾದಲ್ಲಿ (ಮೂಲ ಕಾಮಿಕ್ಸ್‌ನಲ್ಲಿ) ಏನಿತ್ತು ಇಲ್ಲಿ ಏನು ಕಟ್ ಆಯ್ತು ಅನ್ನೋ ಮಾತು, ಎಲ್ಲ ಹೋಯ್ತು. 2025ರಲ್ಲಿ ಒಂದು ಶೋನ ಜರ್ಮನ್ ಸಬ್‌ನಲ್ಲಿ ಎಐ ಟೂಲ್ ಚಾಟ್‌ಜಿಪಿಟಿ ಹೆಸರೇ ಹಾಗೇ ಉಳ್ಕೊಂಡು ಪರದೆ ಮೇಲೆ ಬಂತು, ಹೊರಗಿನ ವೆಂಡರ್ ಮಾಡಿದ್ದು ಅಂದ್ರು. ಸಬ್‌ಗೋಸ್ಕರ ಹುಟ್ಟಿದ ಸರ್ವಿಸ್‌ನಲ್ಲಿ ಸಬ್‌ನ ಒಬ್ಬ ಮನುಷ್ಯ ಕೂತು ಓದಿ ನೋಡ್ಬೇಕು, ಇದ್ರಲ್ಲಿ ರಾಜಿ ಇಲ್ಲ.

ಇನ್ನು ಭಾಷೆ. ಹಿಂದಿ, ತಮಿಳು, ತೆಲುಗು ಡಬ್ ಇದೆ. ಕನ್ನಡ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಡೀಮನ್ ಸ್ಲೇಯರ್ ಇನ್ಫಿನಿಟಿ ಕ್ಯಾಸಲ್ ಅನ್ನೋ ಅನಿಮೆ ಸಿನಿಮಾ ಇಲ್ಲಿನ ಥಿಯೇಟರಿಗೆ ಬಂದಾಗ್ಲೂ ಅದೇ ಕಥೆ. ಇಂಡಿಯಾದಲ್ಲಿ ಕ್ರಂಚಿರೋಲ್ ಪ್ರಚಾರದ ಮುಖ ಆಗಿದ್ದೋರು ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ, 2024ರ ಅನಿಮೆ ಅವಾರ್ಡ್ಸ್‌ಗೆ ಟೋಕಿಯೋಗೂ ಹೋಗಿದ್ರು, ಅಷ್ಟಿದ್ದೂ ಆಪ್‌ನಲ್ಲಿ ಕನ್ನಡ ಇಲ್ಲ ಅಂದ್ರೆ ಹೊಟ್ಟೆ ಉರಿಯತ್ತೆ. ಇದ್ರಲ್ಲಿ ಕ್ರಂಚಿರೋಲ್‌ದೊಂದೇ ತಪ್ಪಿಲ್ಲ, ಡಬ್ಬಿಂಗ್‌ನ ದಶಕಗಳ ಕಾಲ ತಡೆದಿದ್ದು ನಮ್ಮ ಕನ್ನಡ ಸಿನಿಮಾದೋರೇ, 2015ರಲ್ಲಿ ಸ್ಪರ್ಧಾ ಆಯೋಗ ಫಿಲಂ ಚೇಂಬರ್‌ಗೆ ದಂಡ ಹಾಕಿದ ಮೇಲೆ ತಾನೇ ಡಬ್ಬಿಂಗ್ ಸಿನಿಮಾಗಳಿಗೆ ಬಾಗಿಲು ತೆರೆದಿದ್ದು. ಚಿಂಟು ಟೀವೀಲಿ ಮಕ್ಕಳು ಕನ್ನಡದಲ್ಲಿ ಕಾರ್ಟೂನ್ ಹೆಂಗೆ ನೋಡ್ತಿದ್ರು ಅಂತ ಗೊತ್ತಿರೋರಿಗೆ ಗೊತ್ತು, ಉಳಿದೋರು ಡೊರೇಮಾನ್ ನೋಡಿ ಹಿಂದಿ ಕಲಿತ್ರು.

ನಮ್ಮಕ್ಕನ ಮಗ ಹಾಸನದಲ್ಲಿ ಒಂಬತ್ತನೇ ಕ್ಲಾಸು. ರಜಕ್ಕೆ ಬಂದಾಗ ಜೊತೇಲಿ ಡೀಮನ್ ಸ್ಲೇಯರ್ ನೋಡ್ತೀವಿ, ಅವ್ನು ಜಪಾನೀಸ್ ಆಡಿಯೋನೇ ಬೇಕು ಅಂತಾನೆ, ಕತ್ತಿ ಬೀಸೋ ಮುಂಚೆ ಹೀರೋ ತಾಂಜಿರೋ ಜೊತೇಲೇ 'ಮಿಜು ನೋ ಕೊಕ್ಯೂ, ಇಚಿ ನೋ ಕತ' (ನೀರಿನ ಉಸಿರು, ಮೊದಲ ವರಸೆ) ಅಂತ ಕೂಗ್ತಾನೆ. ಮಾತು ಜಾಸ್ತಿ ಇರೋ ಸೀನಲ್ಲಿ ನಾನು ಪಾಸ್ ಮಾಡಿ ಕನ್ನಡದಲ್ಲಿ ಹೇಳ್ತೀನಿ. ನಮ್ಮಮ್ಮ ಕಾಯಿ ತುರಿತಾ ಕೂತಿದ್ರು, 'ಆ ಹುಡುಗಿ ಬಾಯಿಗೆ ಯಾಕೋ ಬಿದಿರು ಕಟ್ಟಿದ್ದಾರೆ' ಅಂದ್ರು. 'ಅವ್ಳು ರಾಕ್ಷಸಿ ಆಗ್ಬಿಟ್ಟಿದ್ದಾಳೆ ಅಜ್ಜಿ, ಯಾರನ್ನೂ ಕಚ್ಬಾರ್ದು ಅಂತ, ಅವರಣ್ಣ ಬೆನ್ನ ಮೇಲೆ ಪೆಟ್ಟಿಗೇಲಿ ಹೊತ್ಕೊಂಡು ತಿರುಗ್ತಾನೆ' ಅಂದ. ಅಮ್ಮ ತುರಿಯೋದು ಬಿಟ್ಟು ಎಪಿಸೋಡ್ ಮುಗಿಯೋವರೆಗೂ ನೋಡಿದ್ರು. ಕನ್ನಡದಲ್ಲಿ ಯಾರು ನೋಡ್ತಾರೆ ಅಂತ ಕೇಳೋರಿಗೆ ನಾನು ಇದನ್ನೇ ಹೇಳೋದು.

ಕೇಳಿದ್ರೆ ಸಿಗಲ್ಲ ಅಂತೇನಿಲ್ಲ. 2019ರಲ್ಲಿ ಜಪಾನ್ ಡೈರೆಕ್ಟರ್ ಮಕೋತೊ ಶಿಂಕಾಯ್ ಅವರ ವೆದರಿಂಗ್ ವಿತ್ ಯೂ ಸಿನಿಮಾ ಇಂಡಿಯಾ ಥಿಯೇಟರಿಗೆ ಬಂದಿದ್ದು ಫ್ಯಾನ್ಸ್ ಪಿಟಿಷನ್‌ನಿಂದ, ಐವತ್ತು ಸಾವಿರದ ಮೇಲೆ ಸಹಿ ಬಿದ್ದಿತ್ತು, ಅದೂ ಅನಿಮೆ ಹಾಕ್ತಿದ್ದ ಅನಿಮ್ಯಾಕ್ಸ್ ಚಾನೆಲ್ 2017ರಲ್ಲೇ ಇಲ್ಲಿಂದ ಎದ್ದುಹೋಗಿ ಇಲ್ಲಿ ಅನಿಮೆಗೆ ಮಾರ್ಕೆಟ್ಟೇ ಇಲ್ಲ ಅಂತಿದ್ದ ಕಾಲದಲ್ಲಿ.

ಸೋ, ಒಬ್ರೇ ಮೊಬೈಲಲ್ಲಿ ನೋಡೋದಾದ್ರೆ ಚಿಕ್ಕ ಪ್ಲಾನ್ ಸಾಕು, ಮನೇಲಿ ಇಬ್ರು ಮೂವರು ನೋಡೋರಿದ್ರೆ ದೊಡ್ಡದು ತಗೊಳ್ಳಿ. ದುಡ್ಡು ಕಟ್ಟಿದ ಮೇಲೆ ಸಪೋರ್ಟ್‌ಗೆ ಒಂದು ಮೆಸೇಜ್ ಹಾಕಿ, ಕನ್ನಡ ಸಬ್ ಕೊಡಿ ಅಂತ. ಡಬ್‌ಗೆ ಸ್ಟುಡಿಯೋ, ಕಂಠದಾನ ಮಾಡೋರು ಎಲ್ಲ ಬೇಕು, ಟೈಮ್ ಹಿಡಿಯತ್ತೆ, ಸಬ್‌ಗೆ ಒಳ್ಳೆ ಕನ್ನಡ ಬರೆಯೋರು ನಾಲ್ಕು ಜನ ಇದ್ರೆ ಈ ಸೀಸನ್‌ನಿಂದಾನೇ ಶುರು ಮಾಡಬಹುದು.