ಕಾಯಿಲೆ ಬೀಳುವ ಮೂರು ದಿನ ಮೊದಲು ತಿಳಿಸಿ: ನಮ್ಮ ಆಫೀಸಿನ ರಜೆ ಆ್ಯಪ್

ನಮ್ಮಲ್ಲಿ ರಜೆ ಕೇಳುವುದು, ಕೊಡುವುದು, ಲೆಕ್ಕ ಇಡುವುದು ಎಲ್ಲವೂ ಈಗ ಒಂದೇ ಆ್ಯಪಿನಲ್ಲಿ. ಮೊದಲಿದ್ದ ಎಕ್ಸೆಲ್ ಶೀಟನ್ನೂ ಎಚ್‌ಆರ್‌ಗೆ ಹೋಗುತ್ತಿದ್ದ ಮೇಲ್‌ಗಳನ್ನೂ ತೆಗೆದುಹಾಕಿ ಇದನ್ನು ತಂದರು. ಆ್ಯಪಿನ ಹೆಸರು ಹೇಳುವುದಿಲ್ಲ. ನಾಳೆ ರಜೆ ಬೇಕಾದರೂ ನಾನು ಅದರ ಬಾಗಿಲನ್ನೇ ತಟ್ಟಬೇಕು. ಹೆಸರು ಗೊತ್ತಾಗದಿದ್ದರೆ ನಿಮಗೇನೂ ನಷ್ಟವಿಲ್ಲ, ಈ ಜಾತಿಯ ಆ್ಯಪ್‌ಗಳ ಹೊಟ್ಟೆಯೊಳಗಿನ ಸಂಗತಿ ಹೆಚ್ಚುಕಮ್ಮಿ ಒಂದೇ.

ನಾನು ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ತಿಂಗಳ ಕೊನೆ ಬಂತೆಂದರೆ ಕ್ಲೋಸಿಂಗ್, ಉಸಿರಾಡಲು ಬಿಡುವಿಲ್ಲ. ಜೊತೆಗೆ ಮೈಗ್ರೇನ್ ಇದೆ. ಅದು ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ, ಬಂದರೆ ಒಂದು ದಿನ ಪೂರ್ತಿ ನುಂಗುತ್ತದೆ. ಹೀಗಾಗಿ ವರ್ಷಕ್ಕೊಮ್ಮೆ ಟೂರಿಗೆಂದು ರಜೆ ಹಾಕುವವರಿಗೆ ಕಾಣದ ಮೂಲೆಗಳೆಲ್ಲ ನನಗೆ ಕಂಡಿವೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಮುಂಚಿತವಾಗಿ ಗೊತ್ತಿರುವ ರಜೆಗೆ ಆ್ಯಪ್ ನಿಜಕ್ಕೂ ಚೆನ್ನಾಗಿದೆ. ಉಳಿದ ರಜೆ ಎಷ್ಟು, ಮುಂದಿನ ವರ್ಷಕ್ಕೆ ಎಷ್ಟು ಹೋಗುತ್ತದೆ, ಎಷ್ಟು ಕೊಚ್ಚಿಹೋಗುತ್ತದೆ ಎಲ್ಲ ತೆರೆದ ಕೂಡಲೇ ಎದುರಿಗೆ. ತಂಡದಲ್ಲಿ ಯಾರು ಯಾವತ್ತು ಇರುವುದಿಲ್ಲ ಎಂಬ ಕ್ಯಾಲೆಂಡರ್ ಇದೆ, ಇಬ್ಬರು ಒಂದೇ ವಾರ ರಜೆ ಹಾಕಿ ಆಮೇಲೆ ಮುಖ ಮುಖ ನೋಡಿಕೊಳ್ಳುವ ಪ್ರಸಂಗ ತಪ್ಪಿದೆ. ಎಲ್ಲಕ್ಕಿಂತ ದೊಡ್ಡ ಉಪಕಾರವೆಂದರೆ ಮುಜುಗರ ಹೋಗಿದ್ದು. ಹಿಂದೆ ಎರಡು ದಿನ ರಜೆ ಬೇಕಿದ್ದರೆ ಬಾಸ್ ಮೂಡ್ ಹೇಗಿದೆ ಅಂತ ಅವರಿವರನ್ನು ವಿಚಾರಿಸಿಕೊಂಡು ಕ್ಯಾಬಿನ್ ಎದುರು ಸುಳಿದಾಡಬೇಕಿತ್ತು. ಈಗ ಎರಡು ಸಲ ಒತ್ತಿದರೆ ಆಯಿತು. ಹೊಸದಾಗಿ ಸೇರಿದ ಹುಡುಗರಂತೂ ನಮ್ಮಷ್ಟು ಹಲ್ಲು ಗಿಂಜದೆ ರಜೆ ಹಾಕುತ್ತಾರೆ. ಹಾಕಲಿ, ಅವರದೇ ರಜೆ.

ಇಷ್ಟು ಹೇಳಿ ಸಿಕ್ ಲೀವ್ ಕಡೆ ಬರುತ್ತೇನೆ, ನಕ್ಷತ್ರಗಳು ಉದುರುವುದು ಅಲ್ಲೇ.

ಆ್ಯಪಿಗೆ ಕಾಯಿಲೆಯೂ ಒಂದು ಯೋಜನೆ. ಪ್ರವಾಸದ ರಜೆಗೆ ಇರುವ ಫಾರಂ ಯಾವುದೋ ಸಿಕ್ ಲೀವಿಗೂ ಅದೇ: ಯಾವತ್ತಿನಿಂದ ಯಾವತ್ತಿನವರೆಗೆ, ಕಾರಣ, ನಿಮ್ಮ ಕೆಲಸ ಯಾರು ನೋಡಿಕೊಳ್ಳುತ್ತಾರೆ, ಕಳಿಸಿ, ಒಪ್ಪಿಗೆಗೆ ಕಾಯಿರಿ. ಆ ದಿನದ್ದೇ ತಾರೀಕು ಹಾಕಿದರೆ ಮೇಲೊಂದು ಕೆಂಪು ಪಟ್ಟಿ ಬರುತ್ತದೆ, ‘ರಜೆಯನ್ನು ಮೂರು ದಿನ ಮೊದಲು ಕೋರತಕ್ಕದ್ದು’ ಎಂದು. ಅರ್ಜಿ ಹೋಗುತ್ತದೆ, ಆದರೆ ‘ನಿಯಮ ಮೀರಿದ್ದು’ ಎಂಬ ಮೊಹರು ಹೊತ್ತು ಹೋಗುತ್ತದೆ. ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂಬಲ್ಲಿ ಹೆಸರು ತುಂಬದೆ ಮುಂದೆ ಬಿಡುವುದಿಲ್ಲ, ಆ ಹೆಸರಿನವರು ಒಪ್ಪಿದ ಮೇಲಷ್ಟೇ ಮ್ಯಾನೇಜರ್ ಹತ್ತಿರ ಹೋಗುತ್ತದೆ. ಬೆಳಗಿನ ಜಾವ ವಾಂತಿ ಮಾಡಿಕೊಂಡವರು ಇನ್ನೊಬ್ಬರು ಎದ್ದು ಫೋನ್ ನೋಡುವವರೆಗೆ ಕಾಯಬೇಕು.

ಮೈಗ್ರೇನ್ ಇರುವ ಕೆಲವರಿಗೆ ನೋವಿಗೆ ಮೊದಲು ಆರಾ ಬರುತ್ತದೆ. ಕಣ್ಣೆದುರು ಅಂಕುಡೊಂಕಾದ ಮಿನುಗು ಗೆರೆಗಳು, ನೋಟದ ಮಧ್ಯದಲ್ಲೊಂದು ಖಾಲಿ ಜಾಗ. ಸಾಮಾನ್ಯವಾಗಿ ಐದು ನಿಮಿಷದಿಂದ ಒಂದು ಗಂಟೆಯೊಳಗೆ ಅದು ಸರಿದುಹೋಗುತ್ತದೆ, ಹಿಂದೆಯೇ ನೋವು. ಚಿಕಿತ್ಸೆ ಇಲ್ಲದಿದ್ದರೆ ಆ ನೋವು 4 ಗಂಟೆಯಿಂದ 72 ಗಂಟೆಯವರೆಗೆ ಇರಬಹುದು. ಬೆಳಕು ಕಂಡರೆ ಆಗುವುದಿಲ್ಲ. ಅಂಥ ಹೊತ್ತಿನಲ್ಲಿ ನನಗಿರುವ ಕೆಲಸ ಹಾಲಿನಷ್ಟು ಬೆಳ್ಳಗಿನ ಪರದೆಯಲ್ಲಿ ಇರುವೆ ಗಾತ್ರದ ಅಕ್ಷರ ಓದಿ ಏಳೆಂಟು ಖಾನೆ ತುಂಬುವುದು. ಡಾರ್ಕ್ ಮೋಡ್ ಇಲ್ಲ. ಆ್ಯಪ್ ಮಾಡಿದವರು ಯಾರೂ ಕಾಯಿಲೆ ಬಿದ್ದಾಗ ಅದನ್ನು ತೆರೆದು ನೋಡಿಲ್ಲ ಅನ್ನಲು ಬೇರೆ ಸಾಕ್ಷಿ ಬೇಡ.

ಕಾರಣದ ಪಟ್ಟಿ ಇನ್ನೊಂದು ತಮಾಷೆ. ಜ್ವರ, ಶಸ್ತ್ರಚಿಕಿತ್ಸೆ, ಅಪಘಾತ, ಕುಟುಂಬದಲ್ಲಿ ಅನಾರೋಗ್ಯ, ಇತರೆ. ಮನಸ್ಸು ಸರಿಯಿಲ್ಲದವರು, ಮುಟ್ಟಿನ ನೋವಿನವರು, ನನ್ನಂಥವರು ಎಲ್ಲಾ ‘ಇತರೆ’ಯಲ್ಲಿ ಒಟ್ಟಿಗೆ ಕೂರುತ್ತೇವೆ. ‘ಇತರೆ’ ಆರಿಸಿದರೆ ವಿವರಿಸಿ ಎಂದು ಇನ್ನೊಂದು ಖಾನೆ ತೆರೆದುಕೊಳ್ಳುತ್ತದೆ. ಅಲ್ಲಿ ಬರೆದದ್ದು ಮ್ಯಾನೇಜರಿಗಷ್ಟೇ ಅಲ್ಲ, ಕೆಲಸ ಒಪ್ಪಿಕೊಳ್ಳುವ ಸಹೋದ್ಯೋಗಿಗೂ ಕಾಣುತ್ತದೆ. ಇದು ನನಗೆ ತಿಳಿದದ್ದು ಪಕ್ಕದ ಸೀಟಿನವರು “ಈಗ ಹೆಂಗಿದೆ ನಿಮ್ ಹೊಟ್ಟೆ?” ಅಂತ ಊಟದ ಹೊತ್ತಿನಲ್ಲಿ ನಾಲ್ಕು ಜನರ ಮಧ್ಯೆ ಕೇಳಿದಾಗ. ಪಾಪ, ಅವರು ಕಾಳಜಿಯಿಂದಲೇ ಕೇಳಿದ್ದು.

ಸರ್ಟಿಫಿಕೇಟ್ ವಿಷಯಕ್ಕೆ ಬರೋಣ. ಒಂದೇ ದಿನದ ಸಿಕ್ ಲೀವಿಗೂ ಡಾಕ್ಟರ ಚೀಟಿ ಅಪ್‌ಲೋಡ್ ಮಾಡಬೇಕು. ಮೈಗ್ರೇನ್ ಇದೆ ಅಂತ ತೋರಿಸುವ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನ್ ಇಲ್ಲ. ಡಾಕ್ಟರು ರೋಗಿ ಹೇಳಿದ್ದನ್ನು ಕೇಳಿಯೇ ನಿರ್ಧರಿಸುತ್ತಾರೆ. ನೋವು ಇದ್ದ ದಿನ ಹಾಸಿಗೆ ಬಿಟ್ಟು ಏಳಲಾಗದು. ಎದ್ದ ದಿನ ಹೋದರೆ ಡಾಕ್ಟರ ಎದುರು ಕೂತಿರುವುದು ಆರೋಗ್ಯವಂತ ಮನುಷ್ಯ. ಚೀಟಿ ಕೊಡುತ್ತಾರೆ, ಆದರೆ ಅದರಿಂದ ಯಾರಿಗೂ ಹೊಸದಾಗಿ ಏನೂ ಗೊತ್ತಾಗುವುದಿಲ್ಲ. ಕ್ಲಿನಿಕ್ಕಿನ ಕ್ಯೂನಲ್ಲಿ ಒಬ್ಬರು ಹೆಚ್ಚಾದರು ಅಷ್ಟೇ. ಈ ತೊಡಕನ್ನು ಎಲ್ಲೂ ಯೋಚಿಸಿಲ್ಲ ಅಂತಲ್ಲ. ಬ್ರಿಟನ್ನಿನಲ್ಲಿ ಸತತ 7 ದಿನದವರೆಗಿನ ಕಾಯಿಲೆಗೆ ಉದ್ಯೋಗಿ ತಾನೇ ಬರೆದುಕೊಟ್ಟರೆ ಸಾಕು. ಜರ್ಮನಿಯಲ್ಲಿ ಸಾಮಾನ್ಯ ನಿಯಮದಂತೆ ಕಾಯಿಲೆ 3 ದಿನ ದಾಟಿದ ಮೇಲೆ ಡಾಕ್ಟರ ಪ್ರಮಾಣ ಬೇಕು, ಮಾಲೀಕರು ಬೇಕಿದ್ದರೆ ಅದಕ್ಕೂ ಮೊದಲೇ ಕೇಳಬಹುದು. ಕೇಳಿದರೂ ಏನು ಕಾಯಿಲೆ ಅನ್ನುವುದು ಅವರಿಗೆ ತಿಳಿಯುವುದಿಲ್ಲ, ಎಷ್ಟು ದಿನ ಕೆಲಸ ಮಾಡಲಾಗದು ಎಂಬುದಷ್ಟೇ ತಿಳಿಯುತ್ತದೆ.

ಒಂದು ದಿನ ಎಚ್‌ಆರ್‌ನ ಗೆಳತಿಯನ್ನು ಕೇಳಿದೆ, “ಈ ಒಂದು ದಿನದ ನಿಯಮ ಯಾರು ಮಾಡಿದ್ದು ಮಾರಾಯ್ತಿ?” ಅವಳು ಅಡ್ಮಿನ್ ಪುಟ ತೆರೆದು ತೋರಿಸಿದಳು. ‘ಎಷ್ಟನೇ ದಿನದಿಂದ ಸರ್ಟಿಫಿಕೇಟ್’ ಎಂಬ ಖಾನೆಯಲ್ಲಿ 1 ಇತ್ತು. “ನಾವು ಮುಟ್ಟೇ ಇಲ್ಲ ಕಣೆ, ಬಂದಾಗ್ಲೇ ಹಂಗಿತ್ತು” ಅಂದಳು. ಮೂರು ದಿನ ಮುಂಚಿತ ಸೂಚನೆಯೂ ಹಾಗೆಯೇ, ಕಾರಣದ ಪಟ್ಟಿಯೂ ಹಾಗೆಯೇ. ನಮ್ಮ ಕಂಪನಿಯ ನಿಯಮ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ. ಇನ್‌ಸ್ಟಾಲ್ ಮಾಡಿದ ದಿನ ಯಾರೋ ನೆಕ್ಸ್ಟ್, ನೆಕ್ಸ್ಟ್ ಒತ್ತುತ್ತಾ ಹೋದರು. ನಮ್ಮ ಆಫೀಸನ್ನು ಕಣ್ಣಿಂದಲೂ ನೋಡದ ಪ್ರೋಗ್ರಾಮರ್ ಒಬ್ಬರು ಹಾಕಿಟ್ಟ ಅಂಕಿ ನಮಗೆಲ್ಲ ಕಾನೂನಾಯಿತು. ಈ ಆ್ಯಪಿನ ಮೇಲೆ ನನ್ನ ನಿಜವಾದ ತಕರಾರು ಇದೇ. ಬದಲಾಯಿಸಲು ಬರುತ್ತದೆ ಅಂತ ಆ್ಯಪ್ ಕಂಪನಿಯವರು ಹೇಳುತ್ತಾರೆ, ಸುಳ್ಳೇನಲ್ಲ. ಆದರೆ ಬದಲಾಯಿಸುವವರು ಎಷ್ಟು ಜನ?

ಇನ್ನು ಸ್ಕೋರು. ಪ್ರತಿಯೊಬ್ಬರ ಹೆಸರಿನ ಪಕ್ಕ, ಮ್ಯಾನೇಜರಿಗಷ್ಟೇ ಕಾಣುವಂತೆ, ಒಂದು ಅಂಕಿ ಇರುತ್ತದೆ. ಇದರ ಹೆಸರು ಬ್ರಾಡ್‌ಫರ್ಡ್ ಫ್ಯಾಕ್ಟರ್, ಗೈರುಹಾಜರಿ ಅಳೆಯುವ ಈ ಅಂಕಿ ಹೆಚ್ಚಿದಷ್ಟೂ ಕೆಟ್ಟದ್ದು. ಬ್ರಿಟನ್ನಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಶಾಲೆಯ ಜೊತೆ ತಳುಕು ಹಾಕಿಕೊಂಡಿರುವ ಈ ಸೂತ್ರ 1980ರ ದಶಕದಿಂದ ಎಚ್‌ಆರ್ ವಲಯದಲ್ಲಿ ಓಡಾಡುತ್ತಿದೆ. ಲೆಕ್ಕ ಸುಲಭ: ಒಂದು ವರ್ಷದಲ್ಲಿ ಎಷ್ಟು ಸಲ ಗೈರಾದಿರಿ ಎಂಬುದರ ವರ್ಗವನ್ನು ಒಟ್ಟು ಗೈರುದಿನಗಳಿಂದ ಗುಣಿಸುವುದು. ಒಬ್ಬರು ಒಂದೇ ಸಲ 10 ದಿನ ಮಲಗಿದರೆ 1×1×10, ಅಂದರೆ 10. ಇನ್ನೊಬ್ಬರು ಐದು ಸಲ ಎರಡೆರಡು ದಿನ ಹೋದರೆ 5×5×10, ಅಂದರೆ 250. ಹತ್ತು ಸಲ ಒಂದೊಂದೇ ದಿನ ಹೋದವರದು 1000. ಮೂವರೂ ಬಾರದೆ ಇದ್ದದ್ದು ಅದೇ ಹತ್ತು ದಿನ. ಬಿಡಿಬಿಡಿ ಗೈರು ಕೆಲಸಕ್ಕೆ ಹೆಚ್ಚು ತೊಂದರೆ ಎಂಬ ಲೆಕ್ಕಾಚಾರ ಇದರ ಹಿಂದಿದೆ. ಅಕೌಂಟ್ಸಿನವಳಾಗಿ ಅದನ್ನು ತಳ್ಳಿಹಾಕಲಾರೆ, ಕ್ಲೋಸಿಂಗ್ ದಿನ ಒಬ್ಬರು ಇದ್ದಕ್ಕಿದ್ದಂತೆ ಬರದಿದ್ದರೆ ಏನಾಗುತ್ತದೆ ಅಂತ ನೋಡಿದ್ದೇನೆ. ಆದರೆ ಮೈಗ್ರೇನ್, ಆಸ್ತಮಾ, ಮುಟ್ಟಿನ ನೋವು ಇವೆಲ್ಲ ಬರುವುದೇ ಬಿಡಿಬಿಡಿಯಾಗಿ. ಸೂತ್ರಕ್ಕೆ ಸೋಮವಾರ ಬೆಳಿಗ್ಗೆ ನೆಪ ಹೂಡಿ ಮಲಗಿದವರೂ ಒಂದೇ, ಕತ್ತಲ ಕೋಣೆಯಲ್ಲಿ ತಲೆ ಹಿಡಿದು ಮಲಗಿದವರೂ ಒಂದೇ. ಇನ್ನೂ ಕೆಟ್ಟದ್ದೆಂದರೆ ಇದು ಕಲಿಸುವ ಜಾಣತನ. ಒಂದು ದಿನದ ನೋವಿಗೆ ಮೂರು ದಿನ ರಜೆ ಹಾಕಿ, ಮತ್ತೊಮ್ಮೆ ಹಾಕದೆ ಇದ್ದರೆ ಸ್ಕೋರು ಕಡಿಮೆ! ಲೆಕ್ಕ ಮಾಡಿ ನೋಡಿ, ಮೂರು ಸಲ ಒಂದೊಂದು ದಿನಕ್ಕೆ 27, ಒಂದೇ ಸಲ ಮೂರು ದಿನಕ್ಕೆ 3.

ನಮ್ಮ ಮ್ಯಾನೇಜರ್ ಮೇಡಂ ಆ ಅಂಕಿಯನ್ನು ಲೆಕ್ಕಕ್ಕೇ ಇಟ್ಟಿಲ್ಲ. “ನೀವು ಮಲಗಿ, ಸಿಸ್ಟಮ್ಮು ನಾಳೆ ನೋಡೋಣ” ಅಂತ ಮೆಸೇಜ್ ಹಾಕುತ್ತಾರೆ. ಅದು ಅವರ ಒಳ್ಳೆಯತನ, ಆ್ಯಪಿನದ್ದಲ್ಲ. ನಾಳೆ ಅವರು ಬೇರೆ ವಿಭಾಗಕ್ಕೆ ಹೋದರೆ ಬಂದವರು ಮೊದಲು ನೋಡುವುದು ಆ ಅಂಕಿಯನ್ನೇ.

ಒಂದೂ ಸಿಕ್ ಲೀವ್ ಹಾಕದವರಿಗೆ ತಿಂಗಳಿಗೊಮ್ಮೆ ಆ್ಯಪ್ ಚಿನ್ನದ ಬಣ್ಣದ ಪದಕವನ್ನೂ ಕೊಡುತ್ತದೆ. ಫ್ಲೂ ಬಂದವರು ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಅದನ್ನು ಹರಡಬಲ್ಲರು, ಮೊದಲ ಮೂರು ನಾಲ್ಕು ದಿನ ಹರಡುವುದು ಹೆಚ್ಚು. ಆ ದಿನಗಳಲ್ಲೇ ಕೆಮ್ಮುತ್ತಾ ಬಂದು ಕೂತು ಅರ್ಧ ವಿಭಾಗವನ್ನು ಮಲಗಿಸಿದ ಮಹನೀಯರಿಗೆ ಪದಕ, ಅವರಿಂದ ಅಂಟಿಸಿಕೊಂಡು ಮಲಗಿದವರಿಗೆ ಸ್ಕೋರು.

ರಜೆಯ ಮೇಲಿದ್ದಾಗಲೇ ಕಾಯಿಲೆ ಬಿದ್ದರೆ? ಆ್ಯಪಿನಲ್ಲಿ ಅದಕ್ಕೆ ದಾರಿಯೇ ಇಲ್ಲ. ವಾರ್ಷಿಕ ರಜೆ ಶುರುವಾದ ಮೇಲೆ ಅದನ್ನು ಸಿಕ್ ಲೀವ್ ಆಗಿ ಬದಲಿಸಲು ಬರುವುದಿಲ್ಲ, ರದ್ದುಗೊಳಿಸಲೂ ಬರುವುದಿಲ್ಲ. ಇದು ನಾನೊಬ್ಬಳೇ ಹೊಸೆದ ಬೇಡಿಕೆಯಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1970ರ 132ನೇ ಒಪ್ಪಂದ ವರ್ಷಕ್ಕೆ ಕನಿಷ್ಠ 3 ವಾರ ಸಂಬಳಸಹಿತ ರಜೆ ಇರಬೇಕು ಎನ್ನುತ್ತದೆ. ಆಯಾ ದೇಶ ಗೊತ್ತುಮಾಡುವ ಷರತ್ತಿಗೆ ಒಳಪಟ್ಟು, ಕಾಯಿಲೆಯ ದಿನಗಳನ್ನು ಆ ಕನಿಷ್ಠ ರಜೆಯೊಳಗೆ ಎಣಿಸಬಾರದು ಎಂದೂ ಹೇಳುತ್ತದೆ. ಎಲ್ಲ ದೇಶಗಳೂ ಅದನ್ನು ಒಪ್ಪಿಕೊಂಡಿಲ್ಲ ಅನ್ನುವುದು ಬೇರೆ ಮಾತು. 2012ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವೂ ಸ್ಪೇನಿನ ಪ್ರಕರಣವೊಂದರಲ್ಲಿ, ರಜೆಯ ನಡುವೆ ಕಾಯಿಲೆ ಬಿದ್ದವರಿಗೆ ಆ ದಿನಗಳ ರಜೆಯನ್ನು ಮುಂದೆ ಪಡೆಯುವ ಹಕ್ಕಿದೆ ಎಂದಿತು. ಒಂದು ಗುಂಡಿ ಸೇರಿಸುವುದು ಅಷ್ಟು ಕಷ್ಟವೇ?

ರಜೆಯಲ್ಲಿದ್ದಾಗ ಮೇಲ್ ಬಂದರೆ ತಾನಾಗಿ ಉತ್ತರಿಸುವ ಸೌಲಭ್ಯ ಪರವಾಗಿಲ್ಲ. ಬಂದ ಮೇಲ್ ಮಾತ್ರ ಅಲ್ಲೇ ರಾಶಿ ಬಿದ್ದಿರುತ್ತದೆ. ಕಾರು ತಯಾರಿಸುವ ಡೈಮ್ಲರ್ ಕಂಪನಿ 2014ರಲ್ಲಿ ಜರ್ಮನಿಯಲ್ಲಿ ತನ್ನ ಉದ್ಯೋಗಿಗಳಿಗೆ ರಜೆಯಲ್ಲಿ ಬಂದ ಮೇಲ್ ತಾನಾಗಿ ಅಳಿಸಿಹೋಗುವ ಆಯ್ಕೆ ಕೊಟ್ಟಿತ್ತು, ಕಳಿಸಿದವರಿಗೆ ಬೇರೆ ಯಾರನ್ನು ಸಂಪರ್ಕಿಸಬೇಕು ಎಂಬ ಉತ್ತರ ಹೋಗುತ್ತಿತ್ತು. ಅಷ್ಟು ಧೈರ್ಯ ನಮ್ಮ ಆ್ಯಪಿಗೂ ಇಲ್ಲ, ನಿಜ ಹೇಳಬೇಕೆಂದರೆ ನನಗೂ ಇಲ್ಲ.

ಈಚಿನ ಅಪ್‌ಡೇಟಿನಲ್ಲಿ ಅರ್ಧ ದಿನದ ಸಿಕ್ ಲೀವ್ ಬಂದಿದೆ, ಮಧ್ಯಾಹ್ನ ಎದ್ದು ಹೋಗಬೇಕಾದವರಿಗೆ ಅನುಕೂಲ. ಗೆಳತಿ ಆ 1ನ್ನು 3 ಮಾಡಿಸಿದ್ದಾಳೆ, ಅದಕ್ಕೆ ಹಿಡಿದದ್ದು ಒಂದು ಮೀಟಿಂಗ್. ಸ್ಕೋರು ತೆಗೆಸುವ ಮಾತು ಇನ್ನೂ ನಡೆಯುತ್ತಿದೆ.

ಪ್ರವಾಸದ ರಜೆಗೆ ಐದರಲ್ಲಿ ನಾಲ್ಕೂವರೆ, ಕಾಯಿಲೆಯ ರಜೆಗೆ ಒಂದು. ಎರಡನ್ನೂ ಕೂಡಿಸಿ ಸರಾಸರಿ ತೆಗೆಯುವುದಿಲ್ಲ, ಕಾಯಿಲೆ ಬಿದ್ದವರಿಗೆ ಆ ಸರಾಸರಿಯಿಂದ ಆಗಬೇಕಾದ್ದೇನೂ ಇಲ್ಲ. ನಿಮ್ಮ ಆಫೀಸಿಗೂ ಇಂಥದ್ದೊಂದನ್ನು ತರುವ ಮಾತು ನಡೆದಿದ್ದರೆ ಡೆಮೊ ದಿನ ಎಚ್‌ಆರ್ ಜೊತೆ ನೀವೂ ಹೋಗಿ ಕೂರಿ. ಮಾರಲು ಬಂದವರು ಬಣ್ಣದ ಚಾರ್ಟು ತೋರಿಸುತ್ತಿರುವಾಗ, ಇವತ್ತು ಬೆಳಿಗ್ಗೆ ಆರು ಗಂಟೆಗೆ ಜ್ವರ ಬಂದ ಒಬ್ಬರ ರಜೆಯನ್ನು ಅಲ್ಲೇ, ನಿಮ್ಮೆದುರಿಗೇ, ಅವರ ಫೋನಿನಲ್ಲೇ ಹಾಕಿ ತೋರಿಸಲು ಹೇಳಿ. ಎಷ್ಟು ಖಾನೆ, ಯಾರ ಒಪ್ಪಿಗೆ, ಯಾರಿಗೆಲ್ಲ ಕಾರಣ ಕಾಣುತ್ತದೆ ಅಂತ ಕೇಳಿ. ಆಮೇಲೆ ಅಡ್ಮಿನ್ ಪುಟ ತೆರೆಸಿ, ಮೊದಲೇ ತುಂಬಿಟ್ಟ ಅಂಕಿಗಳನ್ನು ಒಂದೊಂದಾಗಿ ಓದಿಸಿ.