ಬಫೆಯಲ್ಲಿ ಹಸಿ ಮೀನು: ನಾಲಿಗೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ

ಜಪಾನಿ ಬಫೆ ರೆಸ್ಟೊರೆಂಟಿಗೆ ಊಟಕ್ಕೆ ಹೋಗುವವರು, ಅದರಲ್ಲೂ ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಹೋಗುವವರು, ತಟ್ಟೆ ಕೈಗೆತ್ತಿಕೊಳ್ಳುವ ಮೊದಲು ಹಸಿ ಮೀನು ಜೋಡಿಸಿಟ್ಟಿರುವ ಕೌಂಟರನ್ನು ಒಮ್ಮೆ ಸರಿಯಾಗಿ ನೋಡಬೇಕೆಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಈಚೆಗೆ ಅಂಥ ಒಂದು ಕಡೆ ಊಟ ಮಾಡಿದ ನಮ್ಮ ಮನೆಯ ಮೂವರು ಬಿಲ್ ಕೊಟ್ಟು ಹೊರಬಂದವರೇ ಆಸ್ಪತ್ರೆಗೆ ಹೋಗಬೇಕಾಯಿತು. ದೂರನ್ನು ಕೊಡಬೇಕಾದ ಕಡೆ ಕೊಟ್ಟಾಗಿದೆ. ಅಲ್ಲಿ ನಡೆದದ್ದು ಇನ್ನೆಲ್ಲಿಯೂ ನಡೆಯಬಹುದಾದ್ದರಿಂದ ಆ ಜಾಗದ ಹೆಸರಿಗಿಂತ ಅಲ್ಲಿ ಏನು ಕಂಡಿತು ಎಂಬುದೇ ಓದುವವರಿಗೆ ಮುಖ್ಯ.

ನಾವು ಒಳಗೆ ಹೋದಾಗ ಮಧ್ಯಾಹ್ನದ ಊಟದ ಹೊತ್ತು ಮುಗಿಯುತ್ತ ಬಂದಿತ್ತು. ಸುಶಿ (ಹುಳಿ ಬೆರೆಸಿದ ಅನ್ನದ ಮೇಲೆ ಮೀನಿಟ್ಟದ್ದು), ಸಾಶಿಮಿ (ಬರಿಯ ಹಸಿ ಮೀನಿನ ಹೋಳು) ಇಟ್ಟಿದ್ದ ಉದ್ದನೆಯ ಟ್ರೇಯಲ್ಲಿ ಐಸ್ ಕರಗಿ ನೀರಾಗಿತ್ತು. ನಡುವಿನ ಹೋಳುಗಳು ಆ ನೀರಿನಲ್ಲಿ ಅರ್ಧ ಮುಳುಗಿದ್ದರೆ, ಅಂಚಿನಲ್ಲಿದ್ದವು ಮೇಲಿನ ದೀಪದ ಬಿಸಿಗೆ ಒಣಗಿ ತುದಿಯಲ್ಲಿ ಸುರುಟಿಕೊಂಡಿದ್ದವು. ಕೆಲಸದ ಹುಡುಗನೊಬ್ಬ ಅಡುಗೆಮನೆಯಿಂದ ಹೊಸ ತಟ್ಟೆ ತಂದು, ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಸುರಿದು ಇಕ್ಕಳದಿಂದ ಸಮ ಮಾಡಿ ಹೋದ. ಅದರ ನಂತರ ಆ ಟ್ರೇಯಲ್ಲಿ ಯಾವುದು ಈಗಿನದು, ಯಾವುದು ಬೆಳಗಿನದು ಎಂದು ಯಾರಿಗೂ ಹೇಳಲು ಸಾಧ್ಯವಿರಲಿಲ್ಲ. ಕೌಂಟರಿನ ಮೇಲ್ಗಡೆ ಮಾತ್ರ, ತಟ್ಟೆಯಲ್ಲಿ ಬಿಟ್ಟರೆ ಹೆಚ್ಚುವರಿ ಹಣ ತೆರಬೇಕೆಂಬ ಫಲಕ ಎಲ್ಲರಿಗೂ ಕಾಣುವಂತೆ ತೂಗುತ್ತಿತ್ತು.

ಅಕ್ಕ ಟ್ಯೂನಾ ಸಾಶಿಮಿಯ ಒಂದು ಹೋಳು ಬಾಯಿಗಿಟ್ಟುಕೊಂಡವಳೇ ನಾಲಿಗೆ ಚುರುಗುಟ್ಟುತ್ತಿದೆ, ಕಾಳುಮೆಣಸು ಕಚ್ಚಿದಂತಾಗುತ್ತಿದೆ ಎಂದಳು. ವೇಟರನ್ನು ಕರೆದು ಕೇಳಿದರೆ ಅದು ವಸಾಬಿಯ (ಸುಶಿಯ ಜೊತೆ ಕೊಡುವ ಹಸಿರು ಖಾರದ ಮುದ್ದೆ) ಖಾರ ಎಂದು ನಗುತ್ತ ಹೇಳಿ ಹೋದ. ಅವಳ ತಟ್ಟೆಯಲ್ಲಿ ವಸಾಬಿ ಇರಲೇ ಇಲ್ಲ. ಮೀನು ಕೆಂಪಗೆ, ಹೊಳೆಯುತ್ತ, ಯಾವ ಕೆಟ್ಟ ವಾಸನೆಯೂ ಇಲ್ಲದೆ ಇತ್ತು; ಅದೇ ಟ್ರೇಯಿಂದ ಬಡಿಸಿಕೊಂಡಿದ್ದ ಭಾವ, ತಟ್ಟೆಯಲ್ಲಿ ಉಳಿದರೆ ದಂಡ ಬೀಳುತ್ತದೆಂದು ಪೂರ್ತಿ ತಿಂದರು. ನಾವು ಏಳುವಷ್ಟರಲ್ಲಿ ಅಕ್ಕನ ಮುಖ, ಕುತ್ತಿಗೆ ಕೆಂಡದಂತೆ ಕೆಂಪೇರಿ ತಲೆ ಸಿಡಿಯತೊಡಗಿತು. ಎದೆ ಡವಡವ ಹೊಡೆದುಕೊಳ್ಳುತ್ತಿದೆ ಎಂದಳು. ಆಮೇಲೆ ಭಾವನಿಗೆ, ಅವರ ಹಿಂದೆಯೇ ನನಗೆ ಹಾಗೆಯೇ ಆಯಿತು.

ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ, ಒಂದೇ ಮೀನನ್ನು ಮೂವರೂ ತಿಂದಿರಾ ಎಂಬುದು. ಇದು ಅಲರ್ಜಿಯಲ್ಲ, ಮೀನಿನಲ್ಲಿ ಸೇರಿಕೊಂಡ ಹಿಸ್ಟಮಿನ್‌ನಿಂದ ಆದ ವಿಷಬಾಧೆ ಎಂದು ಅವರು ವಿವರಿಸಿದರು. ಟ್ಯೂನಾ, ಬಂಗುಡೆ, ಬೂತಾಯಿಯಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಸಹಜವಾಗಿಯೇ ಹೆಚ್ಚು. ಮೀನು ಹಿಡಿದ ಮೇಲೆ ಯಾವ ಹಂತದಲ್ಲಾದರೂ ತಂಪು ತಪ್ಪಿದರೆ ಬ್ಯಾಕ್ಟೀರಿಯಾಗಳು ಬೆಳೆದು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಉಂಟಾದ ಹಿಸ್ಟಮಿನ್ ಬೇಯಿಸಿದರೂ ಹೋಗುವುದಿಲ್ಲ, ಮತ್ತೆ ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ನೋಟ ಮತ್ತು ವಾಸನೆ ಎಷ್ಟೋ ಸಲ ಏನನ್ನೂ ಸೂಚಿಸುವುದಿಲ್ಲ. ನಾಲಿಗೆಯ ಚುರುಗುಡುವಿಕೆಯೇ ಕೆಲವೊಮ್ಮೆ ತಿನ್ನುವವರಿಗೆ ಸಿಗುವ ಒಂದೇ ಸುಳಿವು. ಹಿಸ್ಟಮಿನ್ ವಿರೋಧಿ ಔಷಧ ಕೊಟ್ಟ ಮೇಲೆ ನಮ್ಮ ಉರಿ ಇಳಿಯಿತು. ಆದರೆ ಉಸಿರಾಟದ ತೊಂದರೆ ಅಥವಾ ಹೃದಯದ ಕಾಯಿಲೆ ಇರುವವರಿಗೆ ಇದು ಇಷ್ಟು ಸುಲಭವಾಗಿ ಮುಗಿಯದಿರಬಹುದು, ಆದ್ದರಿಂದ ಮನೆಯಲ್ಲಿಯೇ ಕಾದು ನೋಡುವುದು ಸರಿಯಲ್ಲ.

ನನಗೆ ಹೆಚ್ಚು ಬೇಸರ ತಂದಿರುವುದು, ಸುಶಿಯ ಸ್ವಭಾವವನ್ನು ಬಲ್ಲವರೇ ಹೀಗೆ ಮಾಡುತ್ತಾರೆ ಎಂಬ ಸಂಗತಿ. ಸುಶಿ ಎಂಬುದು ಕಟ್ಟಿದ ಕೂಡಲೇ ತಿನ್ನಬೇಕಾದ ಆಹಾರ: ವಿನೆಗರ್ ಬೆರೆಸಿದ ಅನ್ನ ಮೈಬಿಸಿಯಷ್ಟು ಬೆಚ್ಚಗಿರಬೇಕು, ಮೇಲಿನ ಮೀನು ತಣ್ಣಗಿರಬೇಕು. ಅನ್ನದಲ್ಲಿ ಹುಳಿ ಸಾಕಷ್ಟಿದ್ದರೆ ಅದು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಆ ರಕ್ಷಣೆ ಮೇಲೆ ಕೂತ ಮೀನಿಗೆ ಸಿಗುವುದಿಲ್ಲ. ಬಫೆಯ ಸ್ವಭಾವ ಇದಕ್ಕೆ ವಿರುದ್ಧ, ಅಲ್ಲಿ ಎಲ್ಲವೂ ಗಿರಾಕಿಗಾಗಿ ಕಾದು ಕೂರಬೇಕು. ಆಹಾರ ಸುರಕ್ಷತೆಯ ನಿಯಮಗಳು ಸಾಮಾನ್ಯವಾಗಿ ತಣ್ಣನೆಯದನ್ನು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೂ ಬಿಸಿಯದನ್ನು 60 ಡಿಗ್ರಿಯ ಮೇಲೂ ಇಡಬೇಕೆನ್ನುವುದು ಈ ಕಾಯುವ ಹೊತ್ತಿಗಾಗಿಯೇ. ಸುಶಿಯನ್ನೂ ಬಫೆಯನ್ನೂ ಒಟ್ಟಿಗೆ ನಿಭಾಯಿಸಲು ಸಾಧ್ಯವಿಲ್ಲವೆಂದು ನಾನು ಹೇಳುತ್ತಿಲ್ಲ. ಟೋಕಿಯೋದ ಇಂಪೀರಿಯಲ್ ಹೋಟೆಲು 1958ರಲ್ಲಿಯೇ ಬಫೆ ಊಟವನ್ನು ‘ವೈಕಿಂಗ್’ ಎಂಬ ಹೆಸರಿನಲ್ಲಿ ಆರಂಭಿಸಿತು, ಇಂದಿಗೂ ಜಪಾನಿನಲ್ಲಿ ಬಫೆಗೆ ಅದೇ ಹೆಸರು ಬಳಕೆಯಲ್ಲಿದೆ. ಶ್ರದ್ಧೆಯಿಂದ ನಡೆಸುವವರು ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಸ್ವಲ್ಪಸ್ವಲ್ಪವೇ ಇಟ್ಟು, ಖಾಲಿಯಾದ ತಟ್ಟೆಯನ್ನು ಒಳಗೆ ಒಯ್ದು ಹೊಸ ತಟ್ಟೆ ತಂದಿಡುತ್ತಾರೆ, ಅಥವಾ ಎದುರಿಗೇ ನಿಂತು ಕೇಳಿದಷ್ಟನ್ನು ಕಟ್ಟಿಕೊಡುತ್ತಾರೆ. ಹಸಿ ಮೀನನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತೀರಿ ಎಂದು ಕೇಳಿದರೆ ಅವರು ಮುಖ ಸಿಂಡರಿಸುವುದಿಲ್ಲ, ನೆಟ್ಟಗೆ ಉತ್ತರ ಹೇಳುತ್ತಾರೆ.

ನಾವು ಊಟ ಮಾಡಿದ ರೆಸ್ಟೊರೆಂಟಿನ ಮ್ಯಾನೇಜರ್ ದೂರವಾಣಿಯಲ್ಲಿ ಹೇಳಿದ್ದು ಬೇರೆಯೇ: ಮೀನೆಲ್ಲ ಹೆಪ್ಪುಗಟ್ಟಿಸಿ ತಂದದ್ದು, ಹಾಗಾಗಿ ತೊಂದರೆಯಾಗುವ ಮಾತೇ ಇಲ್ಲ ಎಂದರು. ಈ ಸಮಾಧಾನವನ್ನು ದಯವಿಟ್ಟು ಯಾರೂ ಒಪ್ಪಬೇಡಿ. ಹಸಿಯಾಗಿ ತಿನ್ನುವ ಮೀನನ್ನು ಹೆಪ್ಪುಗಟ್ಟಿಸುವುದು ಅನಿಸಾಕಿಸ್‌ನಂಥ ಪರೋಪಜೀವಿ ಹುಳುಗಳನ್ನು ಕೊಲ್ಲಲು. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಅದಕ್ಕೆ ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ 24 ಗಂಟೆ ಬೇಕು. ಹುಳು ಸತ್ತಿತೆಂದ ಮಾತ್ರಕ್ಕೆ, ಕರಗಿದ ಮೇಲೆ ಬೆಚ್ಚಗಿನ ಟ್ರೇಯಲ್ಲಿ ಕೂತ ಮೀನು ಸುರಕ್ಷಿತವಾಗುವುದಿಲ್ಲ. ಕೆಂಪು ಬಣ್ಣದ ಭರವಸೆಯೂ ಅಷ್ಟೇ ಟೊಳ್ಳು, ಏಕೆಂದರೆ ಕಾರ್ಬನ್ ಮಾನಾಕ್ಸೈಡ್ ಅನಿಲ ಹಾಯಿಸಿದ ಟ್ಯೂನಾ ಹಳತಾದರೂ ತಾಜಾ ಇದ್ದಂತೆಯೇ ಕಾಣುತ್ತದೆ. ಜಪಾನ್ ಮತ್ತು ಯುರೋಪಿಯನ್ ಒಕ್ಕೂಟ ಈ ಪದ್ಧತಿಯನ್ನು ನಿಷೇಧಿಸಿವೆ, ಎಲ್ಲ ದೇಶಗಳೂ ನಿಷೇಧಿಸಿಲ್ಲ.

‘ವೈಟ್ ಟ್ಯೂನಾ’ ಎಂದು ಚೀಟಿ ಹಚ್ಚಿದ, ಬೆಣ್ಣೆಯಂತೆ ಬೆಳ್ಳಗಿರುವ ಹೋಳುಗಳು ಕಂಡರೂ ಅದು ಯಾವ ಮೀನೆಂದು ಕೇಳಿ. ಎಸ್ಕೊಲಾರ್ ಎಂಬ ಬೇರೆಯೇ ಮೀನನ್ನು ಈ ಹೆಸರಿನಲ್ಲಿ ಮಾರುವುದುಂಟು. ಅದರ ಕೊಬ್ಬಿನ ಬಹುಪಾಲು ನಮ್ಮ ಹೊಟ್ಟೆ ಕರಗಿಸಲಾರದ ಮೇಣದಂಥದ್ದಾದ್ದರಿಂದ, ಹೆಚ್ಚು ತಿಂದವರಿಗೆ ಎಣ್ಣೆಯಂಥ ಭೇದಿ ಹಿಡಿಯುತ್ತದೆ. ಜಪಾನಿನಲ್ಲಿ ಈ ಮೀನಿನ ಮಾರಾಟವನ್ನು 1977ರಿಂದ ನಿಷೇಧಿಸಲಾಗಿದೆ.

ಮೀನು ತಿನ್ನದವರಿಗೂ ಒಂದು ಮಾತು. ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸೂಪಿನ ತಳಹದಿಯಾದ ದಾಶಿ ಎಂಬ ತಿಳಿಸಾರನ್ನು ಸಾಮಾನ್ಯವಾಗಿ ಒಣಮೀನಿನ ಚಕ್ಕೆಗಳಿಂದ ಮಾಡುತ್ತಾರೆ. ಹಿಟ್ಟಿನಲ್ಲಿ ಅದ್ದಿ ಕರಿಯುವ ತರಕಾರಿ ಟೆಂಪುರವನ್ನು ಸಿಗಡಿ ಕರಿದ ಎಣ್ಣೆಯಲ್ಲಿಯೇ ಕರಿದಿರಬಹುದು. ಏಡಿ ಎಂದು ಇಟ್ಟಿರುವ ಕೆಂಪುಬಿಳಿ ಕಡ್ಡಿಗಳು ಹೆಚ್ಚಾಗಿ ಅರೆದ ಮೀನಿನವು, ಅವುಗಳಲ್ಲಿ ಮೊಟ್ಟೆಯ ಬಿಳಿಭಾಗ ಮತ್ತು ಗೋಧಿ ಇರುವುದುಂಟು. ಅಲರ್ಜಿ ಇರುವವರು ಚೀಟಿಯನ್ನಷ್ಟೇ ನಂಬಬಾರದು.

ತಟ್ಟೆಯಲ್ಲಿ ಬಿಟ್ಟರೆ ದಂಡ ಎಂಬ ನಿಯಮದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಆಹಾರ ಹಾಳಾಗಬಾರದೆಂಬ ಕಾಳಜಿ ಒಳ್ಳೆಯದೇ, ಆದರೆ ಅನುಮಾನ ಬಂದ ತುತ್ತನ್ನೂ ನುಂಗುವಂತೆ ಮಾಡುವ ದಂಡಕ್ಕೆ ಯಾರೂ ತಲೆಬಾಗಬೇಕಿಲ್ಲ. ನಾಲಿಗೆ ಚುರುಗುಟ್ಟಿದರೆ ಆ ತುತ್ತನ್ನು ಉಗಿದುಬಿಡಿ, ಮೇಜಿನಲ್ಲಿರುವ ಉಳಿದವರನ್ನೂ ತಡೆಯಿರಿ, ಟ್ರೇಯ ಫೋಟೊ ತೆಗೆದುಕೊಳ್ಳಿ, ಮ್ಯಾನೇಜರನ್ನು ಕರೆದು ಆ ಟ್ರೇಯನ್ನು ಕೌಂಟರಿನಿಂದ ತೆಗೆಸಿ. ಬಿಲ್ ಎಸೆಯಬೇಡಿ, ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಕೊಡುವಾಗ ದಿನ ಮತ್ತು ಹೊತ್ತಿಗೆ ಅದೇ ಆಧಾರವಾಗುತ್ತದೆ. ವೈದ್ಯರ ಬಳಿ ಹೋದಾಗ ಯಾವ ಮೀನು ತಿಂದಿರಿ, ತಿಂದ ಎಷ್ಟು ಹೊತ್ತಿಗೆ ಉರಿ ಶುರುವಾಯಿತು, ಜೊತೆಯಲ್ಲಿ ತಿಂದವರಲ್ಲಿ ಇನ್ನಾರಿಗೆ ಹಾಗಾಯಿತು ಎಂಬುದನ್ನು ಮೊದಲೇ ಹೇಳಿ. ಇಲ್ಲದಿದ್ದರೆ ಇದನ್ನು ಮೀನಿನ ಅಲರ್ಜಿ ಎಂದು ಬರೆದುಬಿಡುವ ಸಾಧ್ಯತೆ ಇದೆ. ಆಗ ನೀವು ಕಾರಣವಿಲ್ಲದೆ ಮೀನು ಬಿಡುತ್ತೀರಿ, ಆ ಕೌಂಟರ್ ಮಾತ್ರ ಹಾಗೆಯೇ ನಡೆಯುತ್ತಿರುತ್ತದೆ.