ಗುಮ್ಮಟದ ಹೆಸರಿನ ಊಟದ ಮನೆ: ಪ್ಯಾರಿಸ್ಸಿನ ಲಾ ಕುಪೋಲ್

ಕಳೆದ ವರ್ಷ ರೊಬಸ್ಟಾ ಕಾಫಿಯ ಕೊಯ್ಲು ಮುಗಿದು ಹೂಮಳೆಗೆ ಕಾಯುತ್ತಿದ್ದ ಬಿಡುವಿನಲ್ಲಿ, ಓದಲೆಂದು ಪ್ಯಾರಿಸ್ಸಿನಲ್ಲಿರುವ ಮಗಳನ್ನು ನೋಡಲು ವಿರಾಜಪೇಟೆಯಿಂದ ಹೋಗಿದ್ದೆವು. ಆಗ ಮೊಂಪಾರ್ನಾಸ್ ಬೀದಿಯ ಲಾ ಕುಪೋಲ್ ಎಂಬ ಬ್ರಾಸರಿಯಲ್ಲಿ ಎರಡು ಬಾರಿ ಊಟ ಮಾಡಿದೆವು. ಅತ್ತ ಹೊರಟಿರುವ ನಮ್ಮ ಕಡೆಯ ಕೆಲವರು ವಿಚಾರಿಸಿದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಬ್ರಾಸರಿ ಎಂದರೆ ಮೂಲದಲ್ಲಿ ಬಿಯರ್ ತಯಾರಿಸುವ ಜಾಗ. 1870-71ರ ಫ್ರಾನ್ಸ್-ಪ್ರಷ್ಯಾ ಯುದ್ಧದ ನಂತರ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯ ಜರ್ಮನಿಯ ಪಾಲಾದಾಗ ಊರು ಬಿಟ್ಟು ಬಂದವರಿಂದ ಪ್ಯಾರಿಸ್ಸಿನಲ್ಲಿ ಇಂಥ ಊಟದ ಮನೆಗಳು ಹೆಚ್ಚಿದವು; 1880ರಲ್ಲಿ ಆರಂಭವಾದ ಲಿಪ್ ಎಂಬ ಬ್ರಾಸರಿ ಆ ಕಾಲದ್ದು. ಲಾ ಕುಪೋಲ್‌ನ ಕಥೆ ಬೇರೆ. ಅದನ್ನು ಕಟ್ಟಿದ ಅರ್ನೆಸ್ಟ್ ಫ್ರೋ ಮತ್ತು ರೆನೆ ಲಾಫೋನ್ ಓವೆರ್ನ್ ಎಂಬ ಬೆಟ್ಟದ ಸೀಮೆಯವರು. ಆ ಸೀಮೆಯ ಜನ ಹೊಟ್ಟೆಪಾಡಿಗಾಗಿ ರಾಜಧಾನಿಗೆ ಇಳಿದು, ಮೊದಲು ಮನೆಮನೆಗೆ ನೀರು ಹೊತ್ತು, ಆಮೇಲೆ ಸೌದೆ ಮತ್ತು ಕಲ್ಲಿದ್ದಲು ಮಾರಿ, ಅದೇ ಅಂಗಡಿಯ ಮೂಲೆಯಲ್ಲಿ ವೈನ್ ಮಾರಲು ತೊಡಗಿ, ಕೊನೆಗೆ ಕೆಫೆಗಳ ಒಡೆಯರಾದವರು. ಇವರಿಬ್ಬರೂ ಕಟ್ಟಲು ಆರಿಸಿಕೊಂಡದ್ದು ಹಳೆಯದೊಂದು ಸೌದೆ ಮತ್ತು ಕಲ್ಲಿದ್ದಲಿನ ಮಂಡಿಯ ಜಾಗವನ್ನೇ. ಸಮೀಪದಲ್ಲಿ ಆಗಲೇ ಹೆಸರು ಮಾಡಿದ್ದ ಕೆಫೆಗೆ ‘ಡೋಮ್’ ಎಂಬ ಹೆಸರಿತ್ತು, ಅಂದರೆ ಗುಮ್ಮಟ. ತಮ್ಮದಕ್ಕೆ ಇವರು ಇಟ್ಟ ಹೆಸರಿನ ಅರ್ಥವೂ ಗುಮ್ಮಟವೇ. 1927ರ ಡಿಸೆಂಬರ್ 20ರಂದು ಬಾಗಿಲು ತೆರೆಯಿತು.

ಒಳಗೆ ಕಾಲಿಟ್ಟೊಡನೆ ಕಣ್ಣು ಹೋಗುವುದು ಕಂಬಗಳ ಕಡೆಗೆ. ಆ ಕಾಲದ ಮೊಂಪಾರ್ನಾಸ್ ಕಲಾವಿದರು ಅವುಗಳ ಮೇಲ್ಭಾಗದಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯ ಚಿತ್ರ ಬರೆದಿದ್ದಾರೆ. ಐನ್‌ಮನೆ ಎಂಬ ನಮ್ಮ ಕುಲದ ಹಿರಿಮನೆಯ ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕೆತ್ತನೆಯ ಕಂಬಕ್ಕೆ ಒರಗಿ ಕೂತು ಬೆಳೆದ ನನಗೆ, ಕಂಬವೆಂದರೆ ಬರೀ ಛಾವಣಿ ಹೊರುವ ವಸ್ತುವಲ್ಲ ಎಂದು ಅಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನರ್ತಕಿ ಜೋಸೆಫಿನ್ ಬೇಕರ್, ಶಿಲ್ಪಿ ಜಕೊಮೆಟ್ಟಿ, ಲೇಖಕರಾದ ಸಾರ್ತ್ರ್ ಮತ್ತು ಬೊವ್ವಾರ್ ಬಂದು ಕೂರುತ್ತಿದ್ದ ಸಭಾಂಗಣವಿದು. ನೆಲಮಾಳಿಗೆಯಲ್ಲಿ ನೃತ್ಯಶಾಲೆಯೂ ಇತ್ತು. 1988ರಲ್ಲಿ ಈ ಊಟದ ಮನೆ ಫ್ಲೋ ಎಂಬ ಸಂಸ್ಥೆಯ ಕೈಸೇರಿತು. ಅದೇ ವರ್ಷ ಅದರ ಭಾಗಗಳಿಗೆ ಐತಿಹಾಸಿಕ ಸ್ಮಾರಕದ ರಕ್ಷಣೆಯೂ ದೊರೆತು, ಮೇಲೆ ಹೊಸ ಅಂತಸ್ತುಗಳು ಎದ್ದರೂ ಚಿತ್ರದ ಕಂಬಗಳು ಉಳಿದವು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಕುರಿಮರಿ ಮಾಂಸದ ‘ಭಾರತೀಯ ಕರಿ’ಯ ಬಗ್ಗೆ. 1927ರಿಂದಲೂ ಪಟ್ಟಿಯಲ್ಲಿರುವ, ಮನೆಯ ಗುರುತೇ ಆಗಿರುವ ತಿನಿಸು ಅದು. ಒಂದು ಕಾಲದಲ್ಲಿ ಭಾರತೀಯ ಉಡುಪು ತೊಟ್ಟವನು ತಳ್ಳುಗಾಡಿಯಲ್ಲಿ ತಂದು ಬಡಿಸುತ್ತಿದ್ದನಂತೆ. ಅರಿಶಿನ ಬಣ್ಣದ, ತುಸು ಸಿಹಿಯಾದ, ಖಾರವೇ ಮುಂದೆ ಬಾರದ ಮೆತ್ತನೆಯ ಗೊಜ್ಜು. ಪಕ್ಕದಲ್ಲಿ ಅನ್ನ ಮತ್ತು ಚಟ್ನಿ. ಕಾಳುಮೆಣಸು ಮತ್ತು ಕಾಚಂಪುಳಿ ಎಂಬ ನಮ್ಮ ಕಡೆಯ ಕಪ್ಪು ಹುಳಿರಸಕ್ಕೆ ಒಗ್ಗಿದ ನಾಲಿಗೆಗೆ ಮೊದಲ ತುತ್ತು ಅಪರಿಚಿತವೆನಿಸಿತು. ಊರಿನ ರುಚಿ ಹುಡುಕಿಕೊಂಡು ಇದನ್ನು ತರಿಸಬೇಡಿರಿ. ಸುಮಾರು ನೂರು ವರ್ಷಗಳ ಹಿಂದೆ ಪ್ಯಾರಿಸ್ ನಗರವು ಭಾರತವನ್ನು ಹೇಗೆ ಊಹಿಸಿಕೊಂಡಿತ್ತೋ ಅದರ ರುಚಿ ಇದು ಎಂದು ತಿಳಿದು ತಿಂದರೆ ತಟ್ಟೆ ಖಾಲಿಯಾಗುವುದು ಗೊತ್ತಾಗುವುದಿಲ್ಲ. ಎರಡನೆಯ ದಿನವೂ ನಾನು ಅದನ್ನೇ ತರಿಸಿದೆ, ಮನೆಯವರು ಮೀನು ತರಿಸಿದರು. ಮಂಜುಗಡ್ಡೆಯ ಮೇಲೆ ಜೋಡಿಸಿಟ್ಟ ಹಸಿ ಸಿಂಪಿಗಳ ಗೋಜಿಗೆ ನಾವು ಹೋಗಲಿಲ್ಲ.

ಬೆಲೆ ನಮ್ಮ ಲೆಕ್ಕಕ್ಕೆ ಹೆಚ್ಚೇ. ಅಷ್ಟು ಖರ್ಚು ಬೇಡವೆನ್ನುವವರು ಊಟದ ಹೊತ್ತು ಬಿಟ್ಟು ಬೆಳಿಗ್ಗೆ ಹೋಗಿ ಒಂದು ಕಾಫಿ ತರಿಸಿಕೊಳ್ಳಬಹುದು. ಆಗ ಮೇಜುಗಳ ನಡುವೆ ಓಡಾಟ ಕಡಿಮೆಯಿದ್ದು, ಕಂಬದಿಂದ ಕಂಬಕ್ಕೆ ನಡೆದು ಚಿತ್ರಗಳನ್ನು ನೋಡಲು ಅನುಕೂಲ. ಸಂಜೆಯಾದರೆ ಮೇಜನ್ನು ಮೊದಲೇ ಕಾಯ್ದಿರಿಸಿ, ಗುಮ್ಮಟ ಕಾಣುವಂತೆ ಸಭಾಂಗಣದ ನಡುವಿನ ಸಾಲನ್ನೇ ಕೇಳಿರಿ.